ರಸ್ತೆ ಅಪಘಾತದಲ್ಲಿ ದುಡಿಯುವ ಕೈ ಹೋದಾಗ: ಕುಟುಂಬವು ಪರಿಹಾರ ಪಡೆಯುವ ಬಗೆ



ವಿಮೆ ಮಾಡಿಸಿದ ಹಸು ಸತ್ತರೆ ಅದರ ಕಿವಿಯೋಲೆಯನ್ನು ಜೋಪಾನ ಮಾಡಬೇಕು, ಪಶುವೈದ್ಯರಿಂದ ಪ್ರಮಾಣಪತ್ರ ಪಡೆಯಬೇಕು ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಮನೆಯ ಯಜಮಾನನೇ ರಸ್ತೆ ಅಪಘಾತದಲ್ಲಿ ಸತ್ತಾಗ ಯಾವ ಕಾಗದ ಬೇಕು, ಯಾರ ಮುಂದೆ ಅರ್ಜಿ ಹಾಕಬೇಕು ಎಂಬುದು ಅನೇಕ ಮನೆಗಳಿಗೆ ತಿಳಿದಿರುವುದಿಲ್ಲ. ದುಃಖದ ದಿನಗಳಲ್ಲಿ ಕಾಗದಪತ್ರಗಳತ್ತ ಗಮನ ಹರಿಯದಿರುವುದು ಸಹಜ. ಆದರೆ ಆ ದಿನಗಳಲ್ಲಿ ತಪ್ಪಿಹೋದ ಕಾಗದದಿಂದ ಹೆಂಡತಿ ಮಕ್ಕಳಿಗೆ ಮುಂದೆ ಆಗುವ ನಷ್ಟ ಬಹಳ ದೊಡ್ಡದು.

ಬೇರೊಬ್ಬರ ಅಜಾಗರೂಕತೆಯಿಂದ ವಾಹನ ಅಪಘಾತವಾಗಿ ಸತ್ತವರ ವಾರಸುದಾರರು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರಿಹಾರ ಕೇಳಬಹುದು. ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅಪಘಾತವಾದ ಸ್ಥಳ, ಅರ್ಜಿದಾರರ ವಾಸಸ್ಥಳ, ಎದುರುದಾರರ ವಾಸಸ್ಥಳ, ಈ ಮೂರರಲ್ಲಿ ಯಾವ ವ್ಯಾಪ್ತಿಯ ನ್ಯಾಯಮಂಡಳಿಗಾದರೂ ಅರ್ಜಿ ಕೊಡಬಹುದು. ದೂರದ ಜಿಲ್ಲೆಯಲ್ಲಿ ಅಪಘಾತವಾಯಿತೆಂದು ಕೈಬಿಡಬೇಕಾಗಿಲ್ಲ. ಚಾಲಕನ ಮೇಲಿನ ಕ್ರಿಮಿನಲ್ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ ಎಂಬುದನ್ನೂ ತಿಳಿದಿರಬೇಕು.

ಮೊದಲು ಮಾಡಬೇಕಾದ ಕೆಲಸವೆಂದರೆ ಪೊಲೀಸರಿಗೆ ತಡಮಾಡದೆ ದೂರು ಕೊಡುವುದು. ವಾಹನದ ನಂಬರು, ಕಣ್ಣಾರೆ ಕಂಡವರ ಹೆಸರು ದೂರಿನಲ್ಲಿ ಬರಬೇಕು. ಮರಣೋತ್ತರ ಪರೀಕ್ಷೆ ಬೇಡವೆಂದು ಹಟ ಹಿಡಿಯಬಾರದು. ಸಾವು ಅಪಘಾತದಿಂದಲೇ ಆಯಿತೆಂಬುದಕ್ಕೆ ಅದೇ ಮುಖ್ಯ ಆಧಾರ. "ದೂರು ಬೇಡ, ಊರಲ್ಲೇ ಬಗೆಹರಿಸೋಣ" ಎಂದು ಹೇಳಿ, ಒಂದಷ್ಟು ಹಣ ಕೈಗಿತ್ತು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿದ್ದಾರೆ. ಅಂಥ ರಾಜಿಗೆ ಒಪ್ಪಬಾರದು.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿಯು 48 ಗಂಟೆಗಳೊಳಗೆ ಅಪಘಾತದ ಮೊದಲ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸತಕ್ಕದ್ದು. ಆದರೂ ಕುಟುಂಬದವರು ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ವಾಹನದ ವಿಮಾ ಪತ್ರ ಇವುಗಳ ನಕಲುಗಳನ್ನು ತಾವೇ ಕೇಳಿ ಪಡೆಯಬೇಕು. ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಈ ಅವಧಿಯ ಬಗ್ಗೆ ನ್ಯಾಯಾಲಯದಲ್ಲಿ ತಕರಾರು ಎದ್ದಿದೆ ನಿಜ. ಆದರೆ ಅದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಇನ್ನು ಪರಿಹಾರದ ಮೊತ್ತ. ಸತ್ತವರ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆ ಇವುಗಳ ಮೇಲೆ ಇದನ್ನು ಲೆಕ್ಕ ಹಾಕುತ್ತಾರೆ. ಸರ್ವೋಚ್ಚ ನ್ಯಾಯಾಲಯವು 2009 ಮತ್ತು 2017ರ ತೀರ್ಪುಗಳಲ್ಲಿ ಇದಕ್ಕೆ ಕ್ರಮ ಹಾಕಿಕೊಟ್ಟಿದೆ. ಉದಾಹರಣೆಗೆ, 34 ವರ್ಷದ ಒಬ್ಬ ರೈತನಿಗೆ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆಂದುಕೊಳ್ಳಿ. ತಿಂಗಳ ಆದಾಯ 15,000 ರೂ. ಎಂದು ರುಜುವಾತಾದರೆ, ಮುಂದೆ ಆದಾಯ ಹೆಚ್ಚುತ್ತಿತ್ತೆಂದು ಶೇ. 40 ಸೇರಿಸಿ 21,000 ರೂ. ಆಗುತ್ತದೆ. ಅವಲಂಬಿತರು ನಾಲ್ವರಾದ್ದರಿಂದ ಆತನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750 ರೂ. ಉಳಿಯುತ್ತದೆ. ಇದು ವರ್ಷಕ್ಕೆ 1,89,000 ರೂ. ಆ ವಯಸ್ಸಿಗೆ ನಿಗದಿಯಾದ 16ರಿಂದ ಗುಣಿಸಿದರೆ 30,24,000 ರೂ. ಆಗುತ್ತದೆ. ಅಂತ್ಯಕ್ರಿಯೆಯ ಖರ್ಚು ಮೊದಲಾದ ಬಾಬುಗಳು ಇದಕ್ಕೆ ಸೇರುತ್ತವೆ. ಸತ್ತವನದೂ ತಪ್ಪಿದ್ದರೆ ಆ ಪ್ರಮಾಣದಲ್ಲಿ ಮೊತ್ತ ಕಡಿಮೆಯಾಗುತ್ತದೆ.

ಇಲ್ಲಿ ರೈತ ಕುಟುಂಬಗಳಿಗೆ ಒಂದು ವಿಶೇಷ ತೊಡಕು ಉಂಟು. ಸಂಬಳದಾರನಿಗೆ ಸಂಬಳದ ಚೀಟಿ ಇರುತ್ತದೆ, ರೈತನಿಗೆ ಇರುವುದಿಲ್ಲ. ಪಹಣಿ ತೋರಿಸಿದರೆ, "ಜಮೀನು ಹೆಂಡತಿ ಮಕ್ಕಳಿಗೇ ಉಳಿದಿದೆಯಲ್ಲ, ಆದಾಯ ಎಲ್ಲಿ ಹೋಯಿತು?" ಎಂದು ವಿಮಾ ಕಂಪನಿಯ ವಕೀಲರು ಕೇಳುತ್ತಾರೆ. ಜಮೀನು ಉಳಿದರೂ ಅದನ್ನು ಉಳುವ, ನೀರು ಹಾಯಿಸುವ, ಮೇಲ್ವಿಚಾರಣೆ ಮಾಡುವ ಕೈ ಹೋಗಿದೆ. ಆ ಕೈಯ ಬೆಲೆಯನ್ನೇ ರುಜುವಾತು ಮಾಡಬೇಕು. ಹಾಲು ಉತ್ಪಾದಕರ ಸಂಘದ ಪಾಸ್ ಪುಸ್ತಕ, ರೇಷ್ಮೆಗೂಡು ಮಾರಿದ ರಸೀತಿ, ಮಂಡಿಯ ಲೆಕ್ಕದ ಚೀಟಿ, ಕಾರ್ಖಾನೆಗೆ ಕಬ್ಬು ಹಾಕಿದ ರಸೀತಿ, ಬೆಳೆಸಾಲದ ಖಾತೆ, ಆತನ ಸಾವಿನ ನಂತರ ಆಳಿಗೆ ಕೊಟ್ಟ ಕೂಲಿಯ ಲೆಕ್ಕ ಇವೆಲ್ಲವೂ ಉಪಯೋಗಕ್ಕೆ ಬರುತ್ತವೆ. ಯಾವ ಕಾಗದವೂ ಇಲ್ಲದಿದ್ದರೆ ನ್ಯಾಯಮಂಡಳಿಯು ಅಂದಾಜಿನ ಮೇಲೆ ಆದಾಯ ನಿರ್ಧರಿಸುತ್ತದೆ. ಅದು ನಿಜವಾದ ದುಡಿಮೆಗಿಂತ ಕಡಿಮೆಯಾಗಬಹುದು.

ಮನೆಯ ಹೆಣ್ಣುಮಗಳು ಸತ್ತಾಗ "ಆಕೆಗೇನು ಸಂಪಾದನೆ" ಎಂದು ಸುಮ್ಮನಾಗುವುದು ತಪ್ಪು. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರ ತೀರ್ಪಿನಲ್ಲಿ ಎತ್ತಿಹಿಡಿದಿದೆ.

ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ 2022ರ ಯೋಜನೆಯಂತೆ ಸಾವಿಗೆ 2 ಲಕ್ಷ ರೂ. ದೊರೆಯುತ್ತದೆ. ಇದರ ಅರ್ಜಿಯನ್ನು ನ್ಯಾಯಮಂಡಳಿಗಲ್ಲ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಕೊಡಬೇಕು. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬಹುದು. ವಾಹನ ಪತ್ತೆಯಾಗಿದ್ದು, ಯಾರ ತಪ್ಪೆಂದು ರುಜುವಾತು ಮಾಡದೆ 5 ಲಕ್ಷ ರೂ. ಪಡೆಯುವ ದಾರಿಯೂ ಕಾಯಿದೆಯಲ್ಲಿ ಉಂಟು. ಆದರೆ ಆ ಹಣಕ್ಕೆ ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ರದ್ದಾಗುತ್ತದೆ. ಆದಕಾರಣ ವಕೀಲರನ್ನು ಕೇಳದೆ ಸಹಿ ಹಾಕಬಾರದು.

ಟ್ರ್ಯಾಕ್ಟರ್ ಇಟ್ಟುಕೊಂಡ ರೈತರು ಈ ವಿಷಯವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ವಿಮೆ ಮುಗಿದಿದ್ದರೆ ಪರಿಹಾರದ ಹಣ ಮಾಲಿಕನ ಆಸ್ತಿಯಿಂದಲೇ ವಸೂಲಾಗಬಹುದು. ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ, ಅಥವಾ ಟ್ರೇಲರಿನಲ್ಲಿ ಕೂಲಿಯಾಳುಗಳನ್ನೋ ಮದುವೆ ದಿಬ್ಬಣವನ್ನೋ ಕೂರಿಸಿಕೊಂಡು ಹೋಗಿದ್ದರೆ, ಕಂಪನಿಯು ಹೊಣೆಯನ್ನು ನಿರಾಕರಿಸುತ್ತದೆ. ಕೆಲವು ಪ್ರಕರಣಗಳಲ್ಲಿ ಕಂಪನಿಯು ಮೊದಲು ಹಣ ಕೊಟ್ಟು ಅನಂತರ ಮಾಲಿಕನಿಂದ ವಸೂಲು ಮಾಡಿಕೊಳ್ಳಲು ಆದೇಶವಾಗುತ್ತದೆ. ವಾಹನ ಮಾರಿದ ಮೇಲೆ ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಯಿಸದಿದ್ದರೆ ಹಳೆಯ ಮಾಲಿಕನೇ ಹೊಣೆಗಾರನೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಟ್ರ್ಯಾಕ್ಟರ್, ಟ್ರೇಲರ್ ಎರಡಕ್ಕೂ ವಿಮೆ ಮಾಡಿಸಿ ಕಾಲಕಾಲಕ್ಕೆ ನವೀಕರಿಸುವುದರಿಂದ ಸತ್ತವನ ಮನೆಯೂ ಉಳಿಯುತ್ತದೆ, ಮಾಲಿಕನ ಮನೆಯೂ ಉಳಿಯುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಅರ್ಜಿ ಬಿಡಬೇಕಾಗಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು, ಇಲ್ಲವೆ 15100ಕ್ಕೆ ದೂರವಾಣಿ ಮಾಡಬೇಕು. ಲೋಕ ಅದಾಲತ್‌ನಲ್ಲಿ ಪ್ರಕರಣ ಬೇಗ ಇತ್ಯರ್ಥವಾಗುತ್ತದೆ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲು ಇಲ್ಲವಾದ್ದರಿಂದ ಮೊತ್ತವನ್ನು ಸರಿಯಾಗಿ ಲೆಕ್ಕ ಹಾಕಿ ನೋಡಿಯೇ ಒಪ್ಪಬೇಕು.

ಬಿತ್ತನೆ ಬೀಜದ ರಸೀತಿಯನ್ನು ಜೋಪಾನವಾಗಿಡುವಂತೆ ಹಾಲಿನ ಲೆಕ್ಕ, ಮಂಡಿಯ ಚೀಟಿ, ವಿಮಾ ಪತ್ರಗಳನ್ನೂ ವರ್ಷವಾರು ಒಂದೆಡೆ ಇಡಿ. ಅವು ಎಲ್ಲಿವೆ ಎಂಬುದನ್ನು ಹೆಂಡತಿಗೂ ಬೆಳೆದ ಮಕ್ಕಳಿಗೂ ತಿಳಿಸಿಡಿ. ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಹಾಲಿನ ಸಂಘಗಳಲ್ಲಿ, ಮಹಿಳಾ ಸಂಘಗಳಲ್ಲಿ ಓದಿ ಹೇಳುವುದು ಒಳ್ಳೆಯದು.