ಅಭ್ಯರ್ಥಿಗೆ ಮಿತಿ, ಪಕ್ಷಕ್ಕೆ ಬಯಲು



ಚುನಾವಣೆಯಲ್ಲಿ ಹಣಬಲ ಎಂದೊಡನೆ ನಮಗೆ ನೆನಪಾಗುವುದು ಮತದಾನದ ಹಿಂದಿನ ರಾತ್ರಿ ಹಂಚುವ ನೋಟು, ಸೀರೆ, ಕುಕ್ಕರ್. ಅದನ್ನು ಈಸಿಕೊಂಡ ಬಡವರಿಗೆ ಬುದ್ಧಿ ಹೇಳುವುದೂ ಸುಲಭ. ನಾನು ಮಾತಾಡಬೇಕೆಂದಿರುವುದು ಮೇಲಿನ ಹಂತದಲ್ಲಿ, ಕಾನೂನಿನ ಒಪ್ಪಿಗೆ ಪಡೆದೇ ಓಡಾಡುವ ಹಣದ ಬಗ್ಗೆ.

1971ರಲ್ಲಿ ದೆಹಲಿ ಸದರ್ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಅಮರನಾಥ ಚಾವ್ಲಾ ಗೆದ್ದರು. ಸೋತ ಕನ್ವರ್‌ಲಾಲ್ ಗುಪ್ತಾ ನ್ಯಾಯಾಲಯಕ್ಕೆ ಹೋದರು. ಅಭ್ಯರ್ಥಿಗಿದ್ದ ವೆಚ್ಚದ ಮಿತಿಯನ್ನು ಚಾವ್ಲಾ ಮೀರಿದ್ದಾರೆ ಎಂಬುದು ಅವರ ದೂರು. ಪಕ್ಷ ಮಾಡಿದ ಖರ್ಚು ನನ್ನ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ಗೆದ್ದವರ ಉತ್ತರ. 1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಅಭ್ಯರ್ಥಿಗೆ ತಿಳಿದೇ, ಅವನ ಗೆಲುವಿಗೆಂದೇ ಪಕ್ಷ ಸುರಿದ ಹಣವೂ ಅವನ ಖರ್ಚೇ. ಇಲ್ಲದಿದ್ದರೆ ಮಿತಿಗೆ ಅರ್ಥವೇನು? ಚಾವ್ಲಾ ಅವರ ಆಯ್ಕೆ ರದ್ದಾಯಿತು.

ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದಿತು. ಜನಪ್ರತಿನಿಧಿ ಕಾಯ್ದೆಯ 77ನೇ ಕಲಮಿಗೆ ಒಂದು ವಿವರಣೆ ಅಂಟಿಕೊಂಡಿತು: ಪಕ್ಷದ ಖರ್ಚು, ಬೆಂಬಲಿಗರ ಖರ್ಚು ಅಭ್ಯರ್ಥಿಯದ್ದಲ್ಲ. ಸಾಮಾನ್ಯ ಮನುಷ್ಯನೂ ಸ್ಪರ್ಧಿಸಲೆಂದು ಹಾಕಿದ್ದ ಬೇಲಿಯನ್ನು ತೀರ್ಪು ಗಟ್ಟಿಮಾಡಿದ ಬೆನ್ನಲ್ಲೇ ಕಿತ್ತರು. 2003ರ ತಿದ್ದುಪಡಿ ಸ್ವಲ್ಪ ಬಿಗಿ ತಂದಿತು, ನಿಜ. ಆದರೆ ಇಂದಿಗೂ ಕರ್ನಾಟಕದ ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂಪಾಯಿಯ ಮಿತಿ ಇದೆ, ಅವನ ಪಕ್ಷಕ್ಕೆ ಯಾವ ಮಿತಿಯೂ ಇಲ್ಲ. ಶ್ರೀಮಂತಿಕೆ ರಾಜಕೀಯದೊಳಗೆ ನಡೆದು ಬರುವ ಹೆಬ್ಬಾಗಿಲು ಇದೇ ಎಂದು ನಾನು ನಂಬಿದ್ದೇನೆ.

ಹಣ ಪಕ್ಷವನ್ನು ಸೇರಿದ ಮೇಲೆ ಅಲ್ಲಿಗೇ ನಿಲ್ಲುವುದಿಲ್ಲ, ಕಾನೂನನ್ನೂ ಬರೆಸುತ್ತದೆ. 2014ರಲ್ಲಿ ದೆಹಲಿ ಹೈಕೋರ್ಟ್, ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವಿದೇಶಿ ದೇಣಿಗೆ ಕಾಯ್ದೆಯನ್ನು ಮೀರಿವೆ ಎಂದು ಹೇಳಿತು. ಕ್ರಮ ಆಗಬೇಕಿತ್ತು. ಆದದ್ದೇನೆಂದರೆ, 2016ರಲ್ಲಿ 'ವಿದೇಶಿ ಮೂಲ' ಎಂಬುದರ ವ್ಯಾಖ್ಯೆಯನ್ನೇ ಹಣಕಾಸು ಕಾಯ್ದೆಯ ಮೂಲಕ ಬದಲಿಸಿದರು. 2018ರಲ್ಲಿ ಆ ಬದಲಾವಣೆಯನ್ನು 1976ರಿಂದಲೇ ಜಾರಿಯಲ್ಲಿತ್ತು ಎನ್ನುವಂತೆ ಹಿಂದಕ್ಕೆ ಎಳೆದರು. ಲೋಕಸಭೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ರೈತ ಕೇಳುವ ಒಂದು ತಿದ್ದುಪಡಿಗೆ ಎಷ್ಟು ವರ್ಷ ಕಾಯಬೇಕು ಎಂಬುದನ್ನು ಬಲ್ಲವರು ಈ ವೇಗವನ್ನು ಗಮನಿಸಬೇಕು.

ಆ ನಡುವೆ ಚುನಾವಣಾ ಬಾಂಡ್ ಬಂತು. 2017ರ ಹಣಕಾಸು ಕಾಯ್ದೆ ಅದಕ್ಕೆ ದಾರಿ ಮಾಡಿತು. ಜೊತೆಗೇ, ಕಂಪನಿಯೊಂದು ಮೂರು ವರ್ಷದ ಸರಾಸರಿ ಲಾಭದ ಶೇ. 7.5ರಷ್ಟನ್ನು ಮಾತ್ರ ಕೊಡಬಹುದು ಎಂಬ ಕಟ್ಟೂ ಹೋಯಿತು. ನಷ್ಟದಲ್ಲಿರುವ ಕಂಪನಿಯೂ ಕೊಡಬಹುದಾಯಿತು. ಲಾಭವೇ ಇಲ್ಲದ ಕಂಪನಿ ಯಾರ ಹಣವನ್ನು, ಏತಕ್ಕಾಗಿ ಕೊಡುತ್ತದೆ? ಸ್ಟೇಟ್ ಬ್ಯಾಂಕಿನಲ್ಲಿ ಒಂದು ಸಾವಿರದಿಂದ ಒಂದು ಕೋಟಿ ರೂಪಾಯಿವರೆಗಿನ ಬಾಂಡ್ ಕೊಂಡು, ಹದಿನೈದು ದಿನದೊಳಗೆ ಪಕ್ಷಕ್ಕೆ ತಲುಪಿಸಿದರಾಗುತ್ತಿತ್ತು. ಕೊಟ್ಟವರ ಹೆಸರು ಮತದಾರರಿಗೆ ಗೊತ್ತಾಗುತ್ತಿರಲಿಲ್ಲ. ಪಡೆದ ಪಕ್ಷಕ್ಕೆ ಅದು ಗೊತ್ತಾಗದೇ ಇರುತ್ತಿತ್ತೇ? ಚೆಕ್ ಬಂದ ಬಾಗಿಲಲ್ಲೇ ಬೇಡಿಕೆಯೂ ಬರುತ್ತದೆ.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನು ಒಮ್ಮತದಿಂದ ರದ್ದುಮಾಡಿತು. ಕಂಪನಿ ದೇಣಿಗೆಯ ಮಿತಿ ತೆಗೆದದ್ದೂ ಬಿದ್ದುಹೋಯಿತು. ಕೊಟ್ಟವರ ಹೆಸರು ತಿಳಿಯುವುದು ಮತದಾರರ ಹಕ್ಕು ಎಂಬುದು ತೀರ್ಪಿನ ಜೀವಾಳ. ವಿವರ ಒಪ್ಪಿಸಲು ಬ್ಯಾಂಕು ಜೂನ್ 30ರವರೆಗೆ ಸಮಯ ಕೇಳಿತು. ಅಷ್ಟರಲ್ಲಿ ಲೋಕಸಭಾ ಚುನಾವಣೆಯೇ ಮುಗಿದಿರುತ್ತಿತ್ತು. ನ್ಯಾಯಾಲಯ ಒಪ್ಪಲಿಲ್ಲ, ಮಾರ್ಚ್ ತಿಂಗಳಲ್ಲೇ ಪಟ್ಟಿ ಹೊರಬಂತು. ಅತಿ ಹೆಚ್ಚು ಬಾಂಡ್ ಕೊಂಡದ್ದು ಒಂದು ಲಾಟರಿ ಕಂಪನಿ, 1,300 ಕೋಟಿ ರೂಪಾಯಿಗೂ ಮೇಲ್ಪಟ್ಟು. ಜಾರಿ ನಿರ್ದೇಶನಾಲಯದ ತನಿಖೆಯನ್ನು ಎದುರಿಸುತ್ತಿದ್ದ ಕಂಪನಿ ಅದು.

ಈ ತೀರ್ಪನ್ನು ನಾನು ಹೃದಯದಿಂದ ಸ್ವಾಗತಿಸುತ್ತೇನೆ. ಆದರೂ 1974ರ ಬಾಗಿಲು ಹಾಗೆಯೇ ತೆರೆದಿದೆ. ಈಗಲೂ ಪಕ್ಷಗಳು ದೇಣಿಗೆಯ ವಿವರವನ್ನು ವರ್ಷಕ್ಕೊಮ್ಮೆ ಚುನಾವಣಾ ಆಯೋಗಕ್ಕೆ ಕೊಡುತ್ತವೆ, ಅದೂ 20,000 ರೂಪಾಯಿಗೆ ಮೇಲ್ಪಟ್ಟದ್ದನ್ನು ಮಾತ್ರ. ಪಕ್ಷದ ಖರ್ಚಿಗೂ ಮಿತಿ ಬೇಕು. ಚುನಾವಣೆ ಘೋಷಣೆಯಾದ ದಿನದಿಂದ ಪ್ರತಿ ದೊಡ್ಡ ದೇಣಿಗೆಯೂ ಮತದಾನಕ್ಕೆ ಮೊದಲೇ ಪ್ರಕಟವಾಗಬೇಕು. ಮತ ಕೇಳಿಕೊಂಡು ಮನೆಗೆ ಬರುವ ಪ್ರತಿ ಪಕ್ಷದವರ ಮುಂದೆಯೂ ಈ ಎರಡು ಬೇಡಿಕೆ ಇಡಿ.