ಉಷ್ಣೋದಕದ ಸೂಕ್ಷ್ಮಜೀವಿಗಳೂ ಅವುಗಳ ವೈರಾಣುಗಳೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಮಠದ ಮಹೋತ್ಸವದಲ್ಲಿ ಬಿಸಿನೀರ ಬುಗ್ಗೆಯ ವೈರಾಣುಗಳ ಮಾತೇಕೆಂದು ಕೆಲವರಿಗೆ ತೋರಬಹುದು. ಬಿಸಿಯಾಗಿ ಉಕ್ಕುವ ತೀರ್ಥವು ಬಿಸಿಯಾಗಿರುವುದರಿಂದಲೇ ಪರಿಶುದ್ಧವೆಂಬ ನಂಬಿಕೆಯು ಜನರಲ್ಲಿ ಬಹುಕಾಲದಿಂದ ಇದೆ. ವೈರಾಣುವೆಂದರೆ ಮೃತ್ಯುವೇ ಎಂಬ ಭಯವೂ 2020ರಿಂದೀಚೆಗೆ ಮನೆಮನೆಗಳಲ್ಲಿ ಬೇರೂರಿದೆ. ಈ ನಂಬಿಕೆ ಈ ಭಯಗಳೆರಡನ್ನೂ ಒಂದೇ ನೀರಿನಲ್ಲಿ ಪರೀಕ್ಷಿಸಬಹುದಾದುದರಿಂದ ಈ ವಿಷಯವನ್ನು ಆರಿಸಿಕೊಂಡೆನು.

ನಮ್ಮ ಕರಾವಳಿಯವರಿಗೆ ಬಿಸಿನೀರ ಬುಗ್ಗೆಯೆಂದೊಡನೆ ನೆನಪಾಗುವುದು ಪುತ್ತೂರು ತಾಲೂಕಿನ ಇರ್ದೆ ಗ್ರಾಮದ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ನಮ್ಮ ಬೆನ್ನೀರೆಂಬ ಹಳೆಯ ಮಾತಿಗೆ ಅದು ಹತ್ತಿರದ ನೆಂಟ. ಚರ್ಮರೋಗಗಳು ವಾಸಿಯಾಗುವುವೆಂಬ ಆಸೆಯಿಂದ ಅಲ್ಲಿ ಮೀಯಲು ಹೋಗುವ ವಾಡಿಕೆಯುಂಟು. ಆದರೆ ಅಲ್ಲಿಯ ನೀರಿನ ಕಾವು ನಮ್ಮ ಮೈಯ ಕಾವಿನ ಆಸುಪಾಸಿನದು, ಹೆಚ್ಚೆಂದರೆ ಅದಕ್ಕಿಂತ ತುಸು ಮಿಗಿಲು. ಇಷ್ಟು ಬಿಸಿಯು ರೋಗಾಣುಗಳನ್ನು ಕೊಲ್ಲಲಾರದು. ಅಷ್ಟೇ ಅಲ್ಲ, ಮನುಷ್ಯನ ಮೈಯಲ್ಲಿ ಬೆಳೆಯಬಲ್ಲ ಅಣುಜೀವಿಗಳಿಗೆ ಬೇಕಾದ ಕಾವೂ ಅದೇ. ಕೈಗೆ ಹಿತವಾದ ಬಿಸಿಯು ರೋಗಾಣುವಿಗೂ ಹಿತವೆಂಬುದನ್ನು ಮರೆಯಲಾಗದು.

ಹಾಗಾದರೆ ನಿಜವಾಗಿ ಕುದಿವಂತಿರುವ ಬುಗ್ಗೆಯು ನಿರ್ಜೀವವೋ? ಹಿಮಾಲಯದ ಮಣಿಕರ್ಣದಲ್ಲಿ ಯಾತ್ರಿಕರು ಅಕ್ಕಿಯನ್ನು ಬುಗ್ಗೆಯ ನೀರಿನಲ್ಲಿಯೇ ಬೇಯಿಸಿ ಪ್ರಸಾದ ಮಾಡಿಕೊಳ್ಳುವರು. ಅಂಥ ನೀರಿನಲ್ಲಿ ಯಾವ ಪ್ರಾಣಿಯೂ ಇರಲಾರದೆಂದೇ ವಿದ್ವಾಂಸರೂ ಬಹುಕಾಲ ತಿಳಿದಿದ್ದರು. 1966ರಲ್ಲಿ ಅಮೆರಿಕೆಯ ಯೆಲ್ಲೋಸ್ಟೋನ್ ಬುಗ್ಗೆಗಳಿಂದ ಥಾಮಸ್ ಬ್ರಾಕ್ ಎಂಬವರೂ ಅವರ ಶಿಷ್ಯ ಹಡ್ಸನ್ ಫ್ರೀಜರೂ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಅದಕ್ಕೆ ಪ್ರಿಯವಾದ ಕಾವು ಸುಮಾರು 70 ಡಿಗ್ರಿ ಸೆಂಟಿಗ್ರೇಡು! ಅದೇ ಕುಲದ ಇನ್ನೊಂದು ನಮ್ಮ ದೇಶದ ಮಣಿಕರ್ಣದಲ್ಲಿಯೇ ದೊರೆಯಿತು. 2015ರಲ್ಲಿ ಅದಕ್ಕೆ ಥರ್ಮಸ್ ಪಾರ್ವತಿಯೆನ್ಸಿಸ್ ಎಂಬ ನಾಮಕರಣವಾಯಿತು. ಮಣಿಕರ್ಣದ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಪಾರ್ವತಿ.

ಇವು ಬೇಯದೆ ಉಳಿಯುವುದು ಹೇಗೆ? ಕರು ಹಾಕಿದ ಹಸುವಿನ ಗಿಣ್ಣುಹಾಲನ್ನು ಆವಿಯಲ್ಲಿಟ್ಟರೆ ಗಟ್ಟಿಯಾಗುವುದನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ಹಾಲಿನಲ್ಲಿ ಅಂದವಾಗಿ ಮಡಿಸಿಕೊಂಡಿದ್ದ ಪ್ರೋಟೀನುಗಳು ಶಾಖಕ್ಕೆ ಮಡಿಕೆ ಬಿಚ್ಚಿ ಒಂದಕ್ಕೊಂದು ಸಿಕ್ಕಿಕೊಳ್ಳುವುವು. ಆ ಗಿಣ್ಣು ಮತ್ತೆ ಹಾಲಾಗದು. ನಮ್ಮ ದೇಹದ ಪ್ರೋಟೀನುಗಳ ಗತಿಯೂ ಅದೇ. ಶಾಖಪ್ರಿಯ ಬ್ಯಾಕ್ಟೀರಿಯದ ಪ್ರೋಟೀನುಗಳಾದರೋ ಬಹು ಬಿಗಿಯಾಗಿ ಮಡಿಸಲ್ಪಟ್ಟು, ಒಳಗಿಂದೊಳಗೆ ಅನೇಕ ಕೊಂಡಿಗಳಿಂದ ಬಂಧಿತವಾಗಿರುವುವು. ಆದುದರಿಂದ ಅವು ಬಿಚ್ಚಿಕೊಳ್ಳುವುದಿಲ್ಲ. ಇಂಥ ಜೀವಿಗಳನ್ನು ಕಾಣಲು ಹಿಮಾಲಯಕ್ಕೇ ಹೋಗಬೇಕೆಂದಿಲ್ಲ. ಕಾರ್ಕಳದ ಕಡೆಯ ಕೃಷಿಕರ ಗೊಬ್ಬರದ ಗುಂಡಿಯು ಚೆನ್ನಾಗಿ ಕಾವೇರಿದಾಗ ಅದರ ಒಡಲಲ್ಲಿ 60 ಡಿಗ್ರಿಗೂ ಮಿಕ್ಕಿದ ಶಾಖವಿರುತ್ತದೆ; ಸೊಪ್ಪು ಸದೆಯನ್ನು ಅಲ್ಲಿ ಕರಗಿಸುವ ಕಾಯಕವು ಶಾಖಪ್ರಿಯ ಜೀವಿಗಳದೇ.

ಇನ್ನು ವೈರಾಣುಗಳ ವಿಷಯ. ವೈರಾಣುವಿಗೆ ತನ್ನದಾದ ಮನೆಯಿಲ್ಲ, ಒಲೆಯಿಲ್ಲ. ಪ್ರೋಟೀನಿನ ಒಂದು ಚಿಪ್ಪು, ಅದರೊಳಗೆ ತನ್ನ ವಂಶದ ಲಿಪಿ, ಇಷ್ಟೇ ಅದರ ಸಂಪತ್ತು. ಇನ್ನೊಂದು ಜೀವಕೋಶವನ್ನು ಹೊಕ್ಕು, ಅದರ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದು ಅದರ ರೀತಿ. ಇವುಗಳಲ್ಲಿ ಮನುಷ್ಯನನ್ನು ಮುಟ್ಟದೆ ಬ್ಯಾಕ್ಟೀರಿಯಗಳನ್ನು ಮಾತ್ರ ಹಿಡಿಯುವ ಒಂದು ದೊಡ್ಡ ವರ್ಗವುಂಟು. 1896ರಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿಯು ಗಂಗೆ ಯಮುನೆಗಳ ನೀರು ಕಾಲರಾ ರೋಗಾಣುವನ್ನು ನಾಶಪಡಿಸುವುದೆಂದೂ, ಆ ನೀರನ್ನು ಕುದಿಸಿದರೆ ಆ ಶಕ್ತಿ ಅಳಿಯುವುದೆಂದೂ ಬರೆದನು. ಅದಕ್ಕೆ ಇಂಥ ವೈರಾಣುಗಳೇ ಕಾರಣವಾಗಿದ್ದಿರಬಹುದೆಂದು ಮುಂದಿನವರು ಊಹಿಸಿದರು. 1915ರಲ್ಲಿ ಟ್ವಾರ್ಟ್, 1917ರಲ್ಲಿ ಡಿ ಹೆರೆಲ್ ಎಂಬವರು ಅವುಗಳನ್ನು ಲೋಕಕ್ಕೆ ಪರಿಚಯಿಸಿದರು. ಬ್ಯಾಕ್ಟೀರಿಯೊಫೇಜ್ ಎಂಬ ಹೆಸರು ಡಿ ಹೆರೆಲನದು.

ಕುದಿಸಿದರೆ ಅಳಿಯುವುದು ಸಾಮಾನ್ಯ ಫೇಜುಗಳ ಲಕ್ಷಣ. ಶಾಖಪ್ರಿಯ ಬ್ಯಾಕ್ಟೀರಿಯವನ್ನು ಹಿಡಿಯುವ ಫೇಜಿಗೆ ಅದರಷ್ಟೇ ಶಾಖವನ್ನು ತಾಳುವ ಮೈಯಿರಬೇಕು. 1975ರಲ್ಲಿ ಜಪಾನಿನ ಸಕಾಕಿ ಮತ್ತು ಓಶಿಮಾ ಎಂಬ ವಿದ್ವಾಂಸರು ಥರ್ಮಸ್ ಕುಲವನ್ನು ಹಿಡಿಯುವ ವೈ.ಎಸ್. 40 ಎಂಬ ವೈರಾಣುವನ್ನು ವರ್ಣಿಸಿದರು. ಅದು ಚೆನ್ನಾಗಿ ವೃದ್ಧಿಯಾಗುವುದು 65 ಡಿಗ್ರಿಯ ಸುಮಾರಿನಲ್ಲಿ. ರಷ್ಯಾದ ಕಾಮ್ಚಾಟ್ಕಾದ ಬುಗ್ಗೆಗಳಿಂದ ದೊರೆತ ಇನ್ನೊಂದರ ಬಾಲವು ಅದರ ತಲೆಗಿಂತ ಎಷ್ಟೋ ಮಡಿ ಉದ್ದವಾಗಿ, ಈವರೆಗೆ ತಿಳಿದುಬಂದ ವೈರಾಣುಗಳ ಬಾಲಗಳಲ್ಲಿ ಅತಿ ಉದ್ದವಾದವುಗಳ ಸಾಲಿಗೆ ಸೇರಿದೆ. ಅಷ್ಟುದ್ದವೆಂದರೂ ಅದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೀರದು.

ಕೆರೆಯಲ್ಲಿ ಬ್ಯಾಕ್ಟೀರಿಯಗಳನ್ನು ತಿನ್ನಲು ನೀರುಹುಳುಗಳಿವೆ, ಬರಿಗಣ್ಣಿಗೆ ಕಾಣದ ಏಕಕೋಶ ಪ್ರಾಣಿಗಳಿವೆ. 60 ಡಿಗ್ರಿಗಿಂತ ತುಸು ಮೇಲೇರಿದರೆ ಇವಾವುವೂ ಬದುಕವು. ಅಲ್ಲಿ ಬ್ಯಾಕ್ಟೀರಿಯಗಳನ್ನು ಮಿತಿಯಲ್ಲಿಡುವ ಬೇಟೆಗಾರರು ಮುಖ್ಯವಾಗಿ ವೈರಾಣುಗಳೇ. ಒಂದು ಕೋಶವು ಒಡೆದಾಗ ಅದರ ಒಡಲಿನ ಸಾರವು ನೀರಿಗೆ ಚೆಲ್ಲಿ ಉಳಿದ ಜೀವಿಗಳಿಗೆ ಆಹಾರವಾಗುವುದು. ಕೊಲ್ಲುವವನೇ ದಾಸೋಹಕ್ಕೂ ಕಾರಣನಾದಂತಾಯಿತು. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದೆಂಬುದನ್ನೂ ಬಲ್ಲೆನು.

ಬ್ಯಾಕ್ಟೀರಿಯವಾದರೂ ಸುಮ್ಮನೆ ಸಾಯುವುದಿಲ್ಲ. ತನ್ನ ಮೇಲೆ ಬಿದ್ದ ವೈರಾಣುವಿನ ಲಿಪಿಯ ಒಂದು ತುಣುಕನ್ನು ಕತ್ತರಿಸಿ ತನ್ನ ಲಿಪಿಯಲ್ಲಿಯೇ ಸೇರಿಸಿಟ್ಟುಕೊಳ್ಳುವುದು. ಅದೇ ವೈರಿಯು ಮತ್ತೆ ಬಂದರೆ ಗುರುತಿಸಿ ತುಂಡರಿಸುವುದು. 2007ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದುದು ಮೊಸರಿನ ಕಾರ್ಖಾನೆಗಳಲ್ಲಿ ಬಳಸುವ ಒಂದು ಬ್ಯಾಕ್ಟೀರಿಯದಲ್ಲಿ. ಬಿಸಿನೀರಿನ ಥರ್ಮಸ್ ಕುಲದಲ್ಲಿಯೂ ಈ ಏರ್ಪಾಡು ಇದೆ. ಶತ್ರುವಿನ ನೆನಪು ಹೀಗೆ ಮಕ್ಕಳು ಮೊಮ್ಮಕ್ಕಳಿಗೂ ಆಸ್ತಿಯಾಗಿ ಇಳಿದುಬರುತ್ತದೆ.

ಇದರಿಂದ ನಮಗೇನೆಂದು ಕೇಳಬಹುದು. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಕಾರಣ ತಿಳಿಯದ ಜ್ವರದಿಂದ ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅದು ನಿಪಾ ವೈರಾಣುವೆಂದು ಮೊದಲು ಕಂಡುಹಿಡಿದುದು ನಮ್ಮ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಪುಣೆಯ ರಾಷ್ಟ್ರೀಯ ಸಂಸ್ಥೆಯು ಅದನ್ನು ದೃಢಪಡಿಸಿತು. ರೋಗವು ಇಂಥದೆಂದು ತಿಳಿಯಲು ಇನ್ನಷ್ಟು ದಿನಗಳು ಹಿಡಿದಿದ್ದರೆ ಶುಶ್ರೂಷೆ ಮಾಡುವವರೂ ನೆಂಟರಿಷ್ಟರೂ ಇನ್ನೆಷ್ಟು ಮಂದಿ ಬಲಿಯಾಗುತ್ತಿದ್ದರೋ! ಇಂಥ ಪತ್ತೆಯ ಮುಖ್ಯ ಸಾಧನವು ಪಿ.ಸಿ.ಆರ್. ಎಂಬ ಪರೀಕ್ಷೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವರು ಅದನ್ನು ಕಲ್ಪಿಸಿ 1993ರಲ್ಲಿ ನೊಬೆಲ್ ಬಹುಮಾನ ಪಡೆದರು. ಹುಡುಕಬೇಕಾದ ಲಿಪಿಯನ್ನು ಕಾಯಿಸಿ ಎರಡೆಳೆಯಾಗಿ ಬಿಡಿಸಿ, ಒಂದೊಂದು ಎಳೆಗೂ ಜೊತೆಯನ್ನು ನೇಯಿಸುವುದು, ಮತ್ತೆ ಕಾಯಿಸುವುದು. ಹೀಗೆ 30 ಸಲ ಇಮ್ಮಡಿಸಿದರೆ ಒಂದು ಪ್ರತಿಯು 107 ಕೋಟಿಯಾಗುತ್ತದೆ. ಆದರೆ ನೇಯುವ ಕಿಣ್ವವು ಪ್ರತಿಯೊಂದು ಸಲದ ಕಾಯಿಸುವಿಕೆಗೂ ಕೆಟ್ಟುಹೋಗಿ ಮರಳಿ ಮರಳಿ ಹಾಕಬೇಕಾಗುತ್ತಿತ್ತು. ಯೆಲ್ಲೋಸ್ಟೋನಿನ ಥರ್ಮಸ್ ಅಕ್ವಾಟಿಕಸಿನ ಕಿಣ್ವವು 95 ಡಿಗ್ರಿಯನ್ನೂ ತಾಳಿತು. ಅಂದಿನಿಂದ ಕೆಲಸವು ಸುಗಮವಾಯಿತು. 2020ರಲ್ಲಿ ಕೊರೋನಾ ಪರೀಕ್ಷೆಗೆ ಮೂಗಿನ ದ್ರವವನ್ನು ಕೊಟ್ಟ ನಮ್ಮೆಲ್ಲರಿಗೂ ಆ ಬುಗ್ಗೆಯ ಋಣವುಂಟು.

ಇನ್ನೊಂದು ಸ್ವಾರಸ್ಯ. ನಿಪಾ, ಕೊರೋನಾಗಳ ಲಿಪಿಯು ಆರ್.ಎನ್.ಎ. ಎಂಬ ಬಗೆಯದು; ಪರೀಕ್ಷೆಗೆ ಮುನ್ನ ಅದನ್ನು ಡಿ.ಎನ್.ಎ. ಲಿಪಿಗೆ ತಿರುಗಿಸಬೇಕು. ಇದಕ್ಕೆ ಸಾಮಾನ್ಯವಾಗಿ ಬೇರೊಂದು ಕಿಣ್ವ ಬೇಕು. ಯೆಲ್ಲೋಸ್ಟೋನಿನ ಆಕ್ಟೋಪಸ್ ಎಂಬ ಬುಗ್ಗೆಯ ವೈರಾಣುಗಳ ಲಿಪಿಯನ್ನು ಒಟ್ಟಾಗಿ ಓದಿದಾಗ, ತಿರುಗಿಸುವ ಕೆಲಸವನ್ನೂ ಇಮ್ಮಡಿಸುವ ಕೆಲಸವನ್ನೂ ತಾನೊಂದೇ ಮಾಡಬಲ್ಲ, ಶಾಖವನ್ನೂ ತಾಳಬಲ್ಲ ಕಿಣ್ವವೊಂದು ದೊರೆಯಿತೆಂದು 2012ರಲ್ಲಿ ಪ್ರಕಟವಾಯಿತು. ಮನುಷ್ಯನನ್ನು ಕಾಡುವ ವೈರಾಣುವನ್ನು ಹಿಡಿಯಲು ಬುಗ್ಗೆಯ ವೈರಾಣುವಿನ ಕೈಯ ಆಯುಧವೇ ಒದಗಿತು.

ಈಗ ಬೆಂದ್ರು ತೀರ್ಥದ ಮಾತಿಗೆ ಮರಳೋಣ. ಶಾಖಪ್ರಿಯ ಬ್ಯಾಕ್ಟೀರಿಯಗಳ ವೈರಾಣುಗಳಿಂದ ಮೀಯುವವರಿಗೆ ಭಯವಿಲ್ಲ. ನಮ್ಮ ಜೀವಕೋಶಗಳ ಬಾಗಿಲ ಬೀಗಕ್ಕೆ ಅವುಗಳಲ್ಲಿ ಕೀಲಿಕೈಯಿಲ್ಲ. ಭಯಪಡಬೇಕಾದುದು ಬೆಚ್ಚಗಿನ ನಿಂತ ನೀರಿಗೆ. ನೇಗ್ಲೇರಿಯ ಎಂಬ ಅಮೀಬವು ಅಂಥ ನೀರಿನಲ್ಲಿ ಬೆಳೆದು, ಮುಳುಗುವವರ ಮೂಗಿನಿಂದ ಮಿದುಳಿಗೆ ಏರುವುದು. 2024ರಲ್ಲಿ ಕೇರಳದಲ್ಲಿ ಮಕ್ಕಳನ್ನೇ ಬಲಿತೆಗೆದುಕೊಂಡಿತು. ಅದು ಬೆಂದ್ರು ತೀರ್ಥದಲ್ಲಿದೆಯೆಂದು ನಾನು ಹೇಳುತ್ತಿಲ್ಲ. ಆದರೂ ಬೆಚ್ಚಗಿನ ಕೊಳ ಯಾವುದೇ ಇರಲಿ, ಮಕ್ಕಳನ್ನು ತಲೆ ಮುಳುಗಿಸಿ ಮೀಯಿಸದಿರುವುದು ಲೇಸು. ಬುಗ್ಗೆಯ ನೀರನ್ನು ಶೀಸೆಯಲ್ಲಿ ತಂದು ಬಾಣಂತಿಗೂ ಹಸುಗೂಸಿಗೂ ಹನಿಸುವ ಪದ್ಧತಿಯನ್ನು ಬಿಡಬೇಕು. ಕುಡಿಯುವುದಿದ್ದರೆ ಚೆನ್ನಾಗಿ ಮರಳುವಂತೆ ಕುದಿಸಿ ಆರಿಸಿದ ನೀರನ್ನೇ ಕುಡಿಯತಕ್ಕದ್ದು. ಗುರುಲಿಂಗಜಂಗಮರ ಪಾದೋದಕವನ್ನು ಎಲ್ಲ ತೀರ್ಥಗಳಿಗಿಂತ ಮಿಗಿಲೆಂದು ಭಾವಿಸುವ ನಮಗೆ ಈ ಬುಗ್ಗೆಯ ನೀರನ್ನು ಬಿಡುವುದು ಕಷ್ಟವಾಗಲಾರದು. ಪಾದೋದಕಕ್ಕೆ ಬಳಸುವ ನೀರೂ ಕುದಿಸಿ ಆರಿಸಿದುದಾಗಿದ್ದರೆ ಆಚಾರಕ್ಕೇನೂ ಕುಂದಿಲ್ಲವೆಂದು ಶ್ರೀಗಳವರಲ್ಲಿ ವಿನಂತಿಸುತ್ತೇನೆ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡವರು ತೀರ್ಥಸ್ನಾನದಲ್ಲಿ ತಿಂಗಳುಗಳನ್ನು ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಅದು ಕುಷ್ಠವೇ ಆಗಿದ್ದರೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಬಹುಔಷಧ ಚಿಕಿತ್ಸೆಯಿಂದ ಗುಣವಾಗುತ್ತದೆ. ತಡಮಾಡಿದಷ್ಟೂ ಕೈಬೆರಳುಗಳಿಗೆ ಅಪಾಯ.