ಬೆಳಕು ಬಂದ ದಾರಿ ನೋಡುವ ಗಾಜು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾವು ಓದಿದುದು ಬಿ.ಕಾಂ.; ಉದ್ಯೋಗ ಬ್ಯಾಂಕಿನ ಗುಮಾಸ್ತಿಕೆ. ಆದರೂ ಬೆಳಕಿನ ವಿಚಾರ ಮಾತನಾಡಲು ನಿಂತುದಕ್ಕೆ ಕಾರಣವುಂಟು.

ಕಳೆದ ವರ್ಷ ನಮ್ಮ ಕೌಂಟರಿಗೆ ಪಿಂಚಣಿದಾರರಾದ ವೃದ್ಧರೊಬ್ಬರು ಬಂದಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಅವರ ಲೆಕ್ಕ ಮೂಡಿತು. ಪಕ್ಕದಲ್ಲಿ ನಿಂತವರು ಓರೆಗಣ್ಣಿನಿಂದ ಅದನ್ನೋದಿ, "ಇಷ್ಟೇ ಉಳಿದಿದೆಯೇ, ಯಜಮಾನರೇ?" ಎಂದುಬಿಟ್ಟರು. ವೃದ್ಧರ ಮುಖ ಬಾಡಿತು. ತಪ್ಪು ನಮ್ಮದೇ. ಮರುವಾರ ಪರದೆಗೆ ಕಪ್ಪು ಹಾಳೆಯೊಂದನ್ನು ಅಂಟಿಸಿದೆವು. ಅದರೊಳಗೆ ಅತಿ ಸಣ್ಣ ಪಟ್ಟಿಗಳು ಬೇಲಿಯ ದಬ್ಬೆಗಳಂತೆ ಸಾಲಾಗಿ ನಿಂತಿವೆ. ನೇರ ಬೆಳಕು ಸಂದಿನಲ್ಲಿ ನುಸುಳುತ್ತದೆ. ಓರೆಯ ಬೆಳಕನ್ನು ಪಟ್ಟಿಗಳು ನುಂಗುತ್ತವೆ. ಗುಟ್ಟು ಉಳಿಯಿತು, ಆದರೆ ಎದುರು ಕುಳಿತ ನಮಗೂ ಪರದೆ ಮಂಕಾಯಿತು.

ಬೆಳಕನ್ನು ಬಣ್ಣ ನೋಡಿ ಸೋಸುವುದು ಸುಲಭ. ಕೆಂಪು ಗಾಜು ಸಾಕು. ಆದರೆ ಬಣ್ಣವನ್ನು ಲೆಕ್ಕಿಸದೆ, ಬಂದ ದಿಕ್ಕನ್ನಷ್ಟೇ ನೋಡಿ ಒಳಬಿಡುವ ಗಾಜುಂಟೇ? ಈ ಪ್ರಶ್ನೆಗೆ 2014ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಯಿಚೆನ್ ಶೆನ್, ಮರಿನ್ ಸೊಲ್ಯಾಚಿಚ್ ಮತ್ತು ಸಂಗಡಿಗರು ಉತ್ತರವಿತ್ತರು.

ಅದರ ಬೇರು ಹಳೆಯದು. ನೀರಿನ ಮೇಲಾಗಲಿ ಗಾಜಿನ ಮೇಲಾಗಲಿ ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಹಿಂದಿರುಗುತ್ತದೆ. ಆದರೆ ಒಂದು ನಿಶ್ಚಿತ ಕೋನದಲ್ಲಿ ಬಿದ್ದಾಗ, ಒಂದು ಬಗೆಯ ಕಂಪನವುಳ್ಳ ಬೆಳಕು ಕಿಂಚಿತ್ತೂ ಹಿಂದಿರುಗದೆ ಒಳಸೇರುತ್ತದೆ. 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು ಈ ಕೋನದ ನಿಯಮವನ್ನು ತಿಳಿಸಿದನು. ಬಣ್ಣ ಯಾವುದಾದರೂ ಕೋನ ಹೆಚ್ಚುಕಡಿಮೆ ಒಂದೇ.

ಶೆನ್ ಸಂಗಡಿಗರು ಸಿಲಿಕ ಮತ್ತು ಟ್ಯಾಂಟಲಮ್ ಆಕ್ಸೈಡುಗಳ ಸುಮಾರು 80 ಪದರಗಳನ್ನು ಒಂದರ ಮೇಲೊಂದು ಹಾಸಿದರು. ಪದರದ ದಪ್ಪ ಬೆಳಕಿನ ಅಲೆಗಿಂತಲೂ ಕಡಿಮೆ. ಆ ಅಲೆಯ ಉದ್ದವೋ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು. ಹೀಗೆ ಕ್ರಮವಾಗಿ ಹೊಂದಿಸಿದ ವಸ್ತುವಿಗೆ ಫೋಟಾನಿಕ್ ಸ್ಫಟಿಕವೆಂದು ಹೆಸರು. ಒಂದೇ ದಪ್ಪದ ಪದರಗಳು ಕೆಲವು ಬಣ್ಣಗಳನ್ನಷ್ಟೇ ಹಿಂದೂಡುತ್ತವೆ. ಆದುದರಿಂದ ಬೇರೆ ಬೇರೆ ದಪ್ಪದ ಗುಂಪುಗಳನ್ನು ಜೋಡಿಸಿ, ಕಣ್ಣಿಗೆ ಕಾಣುವ ಬಣ್ಣಗಳಿಗೆಲ್ಲ ತಡೆಯೊಡ್ಡಿದರು.

ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಇದು 80 ಮೇಜುಗಳನ್ನು ದಾಟಬೇಕಾದ ಅರ್ಜಿ. ಕೋನ ತಪ್ಪಿದರೆ ಮೇಜುಮೇಜಿನಲ್ಲೂ ಸ್ವಲ್ಪ ಸ್ವಲ್ಪ ವಾಪಸು. ಕಡೆಗೆ ದಾಟುವುದು ಏನೂ ಇಲ್ಲವೆನ್ನುವಷ್ಟು. ಕೋನ ಸರಿಯಾಗಿದ್ದರೆ ಯಾವ ಮೇಜೂ ತಡೆಯದು. ಸುಮಾರು 55 ಡಿಗ್ರಿ ಓರೆಯಲ್ಲಿ ಅದು ತಿಳಿಗಾಜು. ಮಿಕ್ಕ ಕೋನಗಳಲ್ಲಿ ಕನ್ನಡಿ.

ಬಾಕಿಯೂ ಉಂಟು. ಆ ಪ್ರಯೋಗದಲ್ಲಿ ಫಲಕವನ್ನು ತಕ್ಕ ದ್ರವದಲ್ಲಿ ಮುಳುಗಿಸಬೇಕಾಯಿತು. ದಾಟಿದುದು ಒಂದು ಬಗೆಯ ಕಂಪನ ಮಾತ್ರ. ನಾಳೆಯೇ ಅದು ನಮ್ಮ ಕೌಂಟರಿಗೆ ಬಾರದು. ಆದರೂ ದೂರದರ್ಶಕಕ್ಕೆ ನುಗ್ಗುವ ಅಡ್ಡಬೆಳಕನ್ನು ತಡೆಯಲು, ಸೌರಶಕ್ತಿಯ ಸಾಧನಗಳಲ್ಲಿ ಶಾಖ ಸೋರದಂತೆ ಕಾಯಲು, ಪರದೆಯ ಗುಟ್ಟುಳಿಸಲು ಈ ತತ್ತ್ವ ನೆರವಾದೀತೆಂಬ ಆಶೆಯಿದೆ.

ಈ ಮಾತುಗಳನ್ನು ಮೊದಲು ಮನೆಯಲ್ಲಿ ಮಕ್ಕಳಿಗೆ ಹೇಳಿನೋಡಿದೆವು. ಅವರದು ಬೇರೆ ಮಾಧ್ಯಮದ ಶಾಲೆ. 'ಪತನಕೋನ' ಎಂದಾಗ ನಮ್ಮ ಮುಖ ನೋಡಿದರು. 'ಓರೆ' ಎಂದಾಗ ತಿಳಿದುಕೊಂಡರು. ಅಜ್ಜಿಯ ಮಾತಿನಲ್ಲಿದ್ದ ಪದವೇ ಕೆಲಸಕ್ಕೆ ಬಂತು.

ಆ ವೃದ್ಧರು ಈಗಲೂ ತಿಂಗಳ ಮೊದಲ ವಾರ ಬರುತ್ತಾರೆ. ನಾವು ಮಂಕು ಪರದೆಯನ್ನು ಅವರತ್ತ ನೇರವಾಗಿ ತಿರುಗಿಸುತ್ತೇವೆ. ಅವರೊಬ್ಬರೇ ಓದಿಕೊಳ್ಳುತ್ತಾರೆ.